ಮಲಗಿ ಏಳುವ ಪರದೆ

ನನಗೆ ಕೆಲಸ ಕಲಿಸಿದ ಸಾರ್ ತೀರಿಕೊಂಡ ಮೇಲೆ ಬಂದ ಫೋನುಗಳೆಲ್ಲ ಸಮಾಧಾನದವು. ಒಳ್ಳೆಯವರಿದ್ದರು, ಏನು ಮಾಡೋಣ, ಯಾರ ಕೈಯಲ್ಲಿದೆ ಎಂದು. ಒಂದು ಫೋನು ಮಾತ್ರ ಪ್ರಶ್ನೆ ಕೇಳಿತು. ಅದು ಬೇರಿಕೆ ದಾರಿಯ ಒಂದು ಹಳ್ಳಿಯ ನೀರುಗಂಟಿ ಮುನಿರಾಜು ಮಾಡಿದ್ದು. ಕೆರೆಯ ತೂಬು ತೆಗೆದು ಸರದಿಯ ಪ್ರಕಾರ ಹೊಲಗಳಿಗೆ ನೀರು ಹಾಯಿಸುವ ಕೆಲಸ ಅವನ ಮನೆತನದ್ದು. ಅವನು ಸಮಾಧಾನ ಹೇಳಲಿಲ್ಲ. "ಮೇಡಂ, ಸಾರ್‌ಗೆ ಎಲ್ಲಾದ್ರೂ ಜಮೀನಿತ್ತಾ?" ಎಂದ.

ಇಲ್ಲ ಎಂದೆ. ಮತ್ತಿಗಿರಿಯಲ್ಲಿ ಒಂದು ಮನೆ, ಮನೆ ಹಿಂದೆ ಒಂದು ಕರಿಬೇವಿನ ಗಿಡ, ಅಷ್ಟೇ.

"ಅದೇ ಯೋಚ್ನೆ ಆಗೋಯ್ತು ನೋಡಿ," ಎಂದು ಫೋನಿಟ್ಟ.

ಇಂಥ ಪ್ರಶ್ನೆ ಕೇಳಿಸಿಕೊಂಡಿದ್ದರೆ ಅವರು ಹಿಗ್ಗಿಬಿಡುತ್ತಿದ್ದರು. ಮುನಿರಾಜು ಯಾಕೆ ಹಾಗೆ ಕೇಳಿದ ಎಂದು ಹೇಳಲು ಆ ಊರಿನ ಕೆರೆಯ ಕಥೆ ಹೇಳಬೇಕು, ಕೆರೆಯ ಕಥೆಗೆ ಅವರು ಬೇಕು. ಹೆಸರು ಬರೆಯುವುದಿಲ್ಲ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅವರು ಸಾರ್, ಹಳ್ಳಿಯಲ್ಲಿ ಪರದೆ ಸಾರ್. ಹೆಸರು ಹಾಕಿ ಹೊಗಳಿದರೆ, ನನ್ನ ಹೆಸರು ಯಾಕಮ್ಮಾ, ಕೆರೆ ಹೆಸರು ಹಾಕು ಎನ್ನುತ್ತಿದ್ದರು. ಕೆರೆಯ ಹೆಸರನ್ನೂ ಹಾಕುವುದಿಲ್ಲ. ಅದರ ಕೆಳಗಿನ ಗುಲಾಬಿ, ಕೊತ್ತಂಬರಿ ಈಗಲೂ ಮಾರ್ಕೆಟ್ಟಿಗೆ ಹೋಗಬೇಕಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ಅಪ್ಪ ರಾಗಿ, ಕೊತ್ತಂಬರಿ ಬೆಳೆದವರು. ಅಮ್ಮ ಕೊತ್ತಂಬರಿ ಕಟ್ಟು ಕಟ್ಟಿ ಕಟ್ಟಿ ಬೆರಳು ಹಸಿರಾದವಳು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ತಮಿಳಿನವರ ನಡುವೆ ಕೂತು ಇಂಗ್ಲಿಷಿನಲ್ಲಿ ರಸಾಯನಶಾಸ್ತ್ರ ಓದಿ, ಬಸ್ಸಿನ ಮೇಲೆ ಬಸ್ಸು ಬದಲಾಯಿಸಿ ಕೃಷ್ಣಗಿರಿಗೆ ಹೋಗಿ ಬಂದು ಸಂಪಾದಿಸಿದ ಫಸ್ಟ್ ಕ್ಲಾಸು ನನ್ನದು. ಕೆಲಸ ಕೇಳಿಕೊಂಡು ಹೋದ ದಿನ ಆ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಅವರ ಮೇಜಿನ ಮೇಲಿಟ್ಟೆ. ಅವರು ಕರ್ಚೀಫಿನಲ್ಲಿ ಕೈ ಒರೆಸಿಕೊಂಡು ಅದನ್ನು ಮುಟ್ಟಿದರು. ಮೇಲಿನಿಂದ ಕೆಳಗೆ ಪೂರ್ತಿ ಓದಿದರು. ಆಮೇಲೆ ನನ್ನ ಕಡೆ ತಿರುಗಿಸಿ ಮೆಲ್ಲಗೆ ಸರಿಸಿದರು.

"ಓದಿದ್ದೆಲ್ಲ ಇದ್ರಲ್ಲಿದೆ. ಅರ್ಥ ಆಗ್ದೇ ಉಳಿದಿದ್ದು ಯಾವುದಮ್ಮಾ?"

ನನಗೆ ಮೈ ಉರಿಯಿತು. ಇಷ್ಟು ಕಷ್ಟಪಟ್ಟು ಓದಿ ಬಂದವಳನ್ನು ಕೇಳುವ ಮಾತೇ ಇದು? ಆದರೆ ಅವರು ಕೆಣಕಲು ಕೇಳಿರಲಿಲ್ಲ. ಗದ್ದಕ್ಕೆ ಕೈಕೊಟ್ಟು ಕಾಯುತ್ತಿದ್ದರು. ಅವರು ಪ್ರಶ್ನೆ ಕೇಳಿದ ಮೇಲೆ ನಡುವೆ ಬಾಯಿ ಹಾಕುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ, ಎದುರಿನವರ ಪರವಾಗಿ ತಾವೇ ಉತ್ತರ ಹೇಳುತ್ತಿರಲಿಲ್ಲ. ಆ ಕಾಯುವಿಕೆಯನ್ನು ತಡೆಯಲಾರದೆ ಕೊನೆಗೆ ನಿಜ ಹೇಳಿದೆ. ಮಣ್ಣು ನೀರಿಗಿಂತ ಭಾರ. ಆದರೂ ಮಳೆ ಬಂದ ಮೇಲೆ ಕೆಂಪು ನೀರು ದಿನಗಟ್ಟಲೆ ಕೆಂಪಾಗೇ ಇರುತ್ತದೆ. ಯಾಕೆಂದು ಪುಸ್ತಕದಲ್ಲಿ ಬರೆದಿದ್ದಾರೆ, ಪರೀಕ್ಷೆಯಲ್ಲಿ ನಾನೂ ಬರೆದೆ, ಮಾರ್ಕೂ ಬಂತು. ಆದರೆ ನನಗೆ ನಂಬಿಕೆ ಬಂದಿಲ್ಲ.

"ನಂಗೂ ಬಂದಿಲ್ಲ," ಎಂದರು ಖುಷಿಯಾಗಿ. "ನಾಳೆಯಿಂದ ಬಾ."

ಹೊಸೂರಿನ ಕೈಗಾರಿಕಾ ಪ್ರದೇಶದ ಒಂದು ಮೂಲೆಯಲ್ಲಿದ್ದ ಆ ಸಣ್ಣ ಫ್ಯಾಕ್ಟರಿ ನೀರಿನೊಳಗೆ ಇಳಿಬಿಡುವ ಪರದೆಗಳನ್ನು ಮಾಡುತ್ತಿತ್ತು. ಲಾರಿಯ ಟಾರ್ಪಾಲಿನಂಥ ದಪ್ಪ ಬಟ್ಟೆ. ಮೇಲಂಚಿನಲ್ಲಿ ಕೊಳವೆಯಂತೆ ಹೊಲಿದು ಒಳಗೆ ಬೆಂಡು ತುರುಕುತ್ತಾರೆ, ಕೆಳಂಚಿನಲ್ಲಿ ಕಬ್ಬಿಣದ ಸರಪಳಿ ಸೇರಿಸುತ್ತಾರೆ. ಬೆಂಡು ತೇಲುತ್ತದೆ, ಸರಪಳಿ ಮುಳುಗುತ್ತದೆ, ನಡುವೆ ಬಟ್ಟೆ ನೆಟ್ಟಗೆ ನಿಲ್ಲುತ್ತದೆ. ಕೆರೆಯಲ್ಲೋ ಅಣೆಕಟ್ಟಿನಲ್ಲೋ ಹೂಳು ತೆಗೆಯುವಾಗ ತಳದ ಕೊಳಕು ಕದಡಿ ಮೇಲೇಳುತ್ತದಲ್ಲ, ಅದು ಉಳಿದ ನೀರಿಗೆ ಹರಡದಂತೆ ಇದನ್ನು ಅಡ್ಡ ಕಟ್ಟುತ್ತಾರೆ. ನೋಡಲು ಬಂದವರೆಲ್ಲ ಇದೊಂದು ಗೋಡೆ ಎಂದುಕೊಳ್ಳುತ್ತಿದ್ದರು. ಸಾರ್ ಒಪ್ಪುತ್ತಿರಲಿಲ್ಲ. ನೀರನ್ನು ಬಟ್ಟೆಯಿಂದ ತಡೆದು ನಿಲ್ಲಿಸಲು ಹೋದರೆ ಬಟ್ಟೆ ಹರಿಯುತ್ತದೆ. ಅದಕ್ಕೇ ಸರಪಳಿ ತಳ ಮುಟ್ಟದಂತೆ ಕೆಳಗೆ ಒಂದು ಮೊಳ ಜಾಗ ಬಿಡುತ್ತೇವೆ. ನೀರು ಅಲ್ಲಿಂದ ಹೋಗಲಿ, ಬರಲಿ. ಅದರ ಆತುರ ಕಡಿಮೆ ಮಾಡಿದರೆ ಸಾಕು, ಹೊತ್ತಿದ್ದನ್ನು ತಾನೇ ಇಳಿಸಿ ಹೋಗುತ್ತದೆ ಎನ್ನುತ್ತಿದ್ದರು.

ಕಾಫಿಯ ಕೊನೆಯ ಗುಟುಕನ್ನು ಅವರು ಕುಡಿದದ್ದನ್ನು ನಾನು ನೋಡಿಲ್ಲ. ಲೋಟವನ್ನು ಒಮ್ಮೆ ಅಲುಗಿಸಿ ಮೇಜಿನ ಮೇಲಿಟ್ಟು ಗಸಿ ಇಳಿಯುವುದನ್ನು ನೋಡುತ್ತ ಕೂರುತ್ತಿದ್ದರು. ಕ್ಯಾಂಟೀನಿನವನು ಸ್ಟೀಲ್ ಲೋಟದಲ್ಲಿ ತಂದ ದಿನ ಮುಖ ಸಣ್ಣದಾಗುತ್ತಿತ್ತು.

ಹೊಸೂರಿನ ಹಳೇ ಮನೆತನ ಅವರದು. ಅಪ್ಪ ಮೇಷ್ಟ್ರು, ಅಜ್ಜ ಮೇಷ್ಟ್ರು, ಅಕ್ಕಂದಿರೂ ಟೀಚರು. ನೀವು ಯಾಕೆ ಮೇಷ್ಟ್ರಾಗಲಿಲ್ಲ ಎಂದು ಒಮ್ಮೆ ಕೇಳಿದೆ. ಮನೆ ತುಂಬ ಉತ್ತರ ಹೇಳುವವರೇ ಇದ್ದರೆ ಕೇಳುವುದಕ್ಕೆ ಒಬ್ಬ ಬೇಡವೇ ಎಂದರು. ಅವರ ಕೇಳುವಿಕೆಗೆ ಸಮಯ ಸಂದರ್ಭ ಇರಲಿಲ್ಲ. ಬೇರಿಕೆ ಬಸ್ಸಿನಲ್ಲಿ ಕಂಡಕ್ಟರನನ್ನು, ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಇಟ್ಟುಕೊಳ್ಳುವುದನ್ನು ನಿಮಗೆ ಯಾರು ಕಲಿಸಿದರು ಎಂದು ತಮಿಳಿನಲ್ಲಿ ಕೇಳಿದರು. ಅವನು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವಷ್ಟರಲ್ಲಿ ನಾವು ಇಳಿಯುವ ಸ್ಟಾಪು ದಾಟಿಹೋಗಿತ್ತು. ಬಿಸಿಲಲ್ಲಿ ವಾಪಸ್ಸು ನಡೆಯುತ್ತ ನಾನು ಗೊಣಗಿದೆ. "ಮಾವನಂತೆ ಕಣಮ್ಮಾ ಕಲಿಸಿದ್ದು," ಎಂದರು, ನಾನು ಗೊಣಗಿದ್ದೇ ಅದಕ್ಕೆ ಎಂಬಂತೆ.

ಕೆರೆಯ ಏರಿಯ ಮೇಲೆ ನಡೆಯುವಾಗ ಚಪ್ಪಲಿ ಕೈಯಲ್ಲಿರುತ್ತಿತ್ತು. ಏರಿಯ ಒಳಗೆ ನೀರು ಜಿನುಗುತ್ತಿದ್ದರೆ ಅಂಗಾಲಿಗೆ ಮೊದಲು ಗೊತ್ತಾಗುತ್ತದೆ ಎನ್ನುತ್ತಿದ್ದರು. ನನ್ನ ಅಂಗಾಲಿಗೆ ಮುಳ್ಳಷ್ಟೇ ಗೊತ್ತಾಗುತ್ತಿತ್ತು. ಇಷ್ಟೆಲ್ಲ ನೀರಿನ ಕೆಲಸ ಮಾಡಿಯೂ ಅವರಿಗೆ ಈಜು ಬರುತ್ತಿರಲಿಲ್ಲ. ಹರಿಗೋಲು ಹತ್ತುವ ಮುಂಚೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದರು. ಮುಳುಗಿದರೆ ಎಳೆ, ಬಗ್ಗಿ ನೋಡುತ್ತಿದ್ದರೆ ಎಳೀಬೇಡ ಎಂಬುದು ಅಪ್ಪಣೆ. ಅವರು ಯಾವಾಗಲೂ ಬಗ್ಗಿಯೇ ಇರುತ್ತಿದ್ದರು, ಆದ್ದರಿಂದ ದಡದಲ್ಲಿ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು.

ಬೇರೆಯವರಿಗೆ ಅವರ ಮೇಲೆ ಸಿಟ್ಟು ಬರುತ್ತಿದ್ದುದು ಒಂದೇ ಕಾರಣಕ್ಕೆ. ಎಂಥ ಕೆಟ್ಟ ಸುದ್ದಿ ತಂದರೂ ಮೊದಲು ಅವರ ಬಾಯಿಂದ ಬರುತ್ತಿದ್ದುದು "ಓಹೋ, ಹಂಗೋ" ಎಂಬ ಮಾತು. ಹೊಲಿಗೆ ಬಿಟ್ಟುಹೋಯಿತು ಎಂದರೂ ಹಂಗೋ, ಮಾಲು ವಾಪಸ್ಸು ಬಂತು ಎಂದರೂ ಹಂಗೋ. ಮಾಲೀಕರು ಅದನ್ನು ಉಡಾಫೆ ಎಂದುಕೊಳ್ಳುತ್ತಿದ್ದರು. ಉಡಾಫೆಯಲ್ಲ. ಯಾಕೆ ಕೆಟ್ಟಿತು ಎಂಬ ಕುತೂಹಲ ಅವರಲ್ಲಿ ಬೇಸರಕ್ಕಿಂತ ಮುಂಚೆ ಹುಟ್ಟುತ್ತಿತ್ತು, ಅಷ್ಟೇ.

ಮುನಿರಾಜುವಿನ ಊರಿನ ಕೆರೆಗೆ ಬರೋಣ. ಅದರ ಒಂದು ಮೂಲೆಗೆ ಮೇಲಿನಿಂದ ಕಾಲುವೆ ಬರುತ್ತದೆ. ಆ ಕಾಲುವೆಯಲ್ಲಿ ವರ್ಷಗಟ್ಟಲೆ ಏನೇನೋ ಬಂತು. ಯಾರು ಬಿಟ್ಟರು ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ತಳದಲ್ಲಿ ಡಾಂಬರಿನಂಥ, ಗ್ರೀಸಿನ ವಾಸನೆಯ ಕಪ್ಪು ಕೆಸರು ಕೂತಿತ್ತು. ಅದರಲ್ಲಿ ಏನೇನಿದೆ ಎಂದು ಪರೀಕ್ಷೆ ಮಾಡಿದವಳು ನಾನೇ, ತಿನ್ನುವ ಬೆಳೆಗೆ ಹೋಗಬಾರದ್ದೆಲ್ಲ ಇತ್ತು. ಅದು ಅಲುಗದೆ ಕೂತಿರುವವರೆಗೆ ಮೇಲಿನ ನೀರು ತಿಳಿಯಾಗಿತ್ತು. ಇನ್ನೊಂದು ತುದಿಯಲ್ಲಿ ತೂಬು, ತೂಬಿನ ಕೆಳಗೆ ರಾಗಿ, ಕೊತ್ತಂಬರಿ, ವೆಂಕಟೇಶನ ಗುಲಾಬಿ ತೋಟ. ಸರ್ಕಾರ ಕೊನೆಗೂ ಮನಸ್ಸು ಮಾಡಿ, ತೆಪ್ಪದ ಮೇಲೆ ಪಂಪು ಕೂರಿಸಿ ಕೆಸರನ್ನು ಹೀರಿ ತೆಗೆಸಲು ಕಂಟ್ರಾಕ್ಟು ಕೊಟ್ಟಿತು. ಹೀರುವಾಗ ಕದಡಿದ್ದು ತೂಬಿನ ಕಡೆ ಬರದಂತೆ ಕೆರೆಯ ನಡುವೆ ಪರದೆ ಕಟ್ಟುವುದು ನಮ್ಮ ಕೆಲಸ.

ಪರದೆ ಇಳಿಸುವ ಮುಂಚೆ ಸಾರ್ ಏರಿಯ ಮೇಲೆ ಊರಿನವರನ್ನು ಸೇರಿಸಿ ಕೇಳಿದ್ದೇ ಕೇಳಿದ್ದು. ಎಮ್ಮೆ ಎಲ್ಲಿ ಇಳಿಯುತ್ತದೆ, ಗಣೇಶನನ್ನು ಎಲ್ಲಿ ಬಿಡುತ್ತೀರಿ, ಮೀನಿನವರ ಬಲೆ ಎಷ್ಟು ಆಳ, ಬಟ್ಟೆ ಒಗೆಯುವ ಕಲ್ಲು ಯಾವುದು. ಒಬ್ಬ ಮುದುಕಪ್ಪ, "ಕೆರೆಗೆ ಸೀರೆ ಉಡಿಸ್ತಾವ್ರೆ. ಸಾನಮಾವಿನ ಕಾಡಾನೆ ಬಂದು ಸೆರಗು ಎಳುದ್ರೆ ಏನ್ ಮಾಡ್ತೀರ?" ಎಂದು ನಗಿಸಿದ. ಎಲ್ಲರೂ ನಕ್ಕರು, ಸಾರ್ ನಗಲಿಲ್ಲ. ಆನೆ ತೇಲುವ ವಸ್ತು ಕಂಡರೆ ಏನು ಮಾಡುತ್ತದೆ ಎಂದು ಅವನ ಪಕ್ಕದಲ್ಲೇ ಕೂತು ಕೇಳಿದರು. ಆಮೇಲೆ ಕಾಡಿನ ವಾಚರುಗಳನ್ನೂ ಹುಡುಕಿಕೊಂಡು ಹೋಗಿ ಕೇಳಿದರು. ಕೊನೆಗೆ ಒಂದು ವಿಷಯ ಎಲ್ಲರೂ ಒಪ್ಪಿದರು. ಕೆಲಸ ಮುಗಿಯುವವರೆಗೆ ತೂಬು ತೆಗೆಯುವುದಿಲ್ಲ, ಬೆಳೆಗೆ ಬೋರ್‌ವೆಲ್ಲಿನಲ್ಲೇ ಹೇಗೋ ಸುಧಾರಿಸಿಕೊಳ್ಳುತ್ತೇವೆ. ತೂಬು ತೆಗೆದರೆ ನೀರು ಆ ಕಡೆ ಎಳೆಯುತ್ತದೆ, ಪರದೆ ಗಾಳಿ ತುಂಬಿದ ಪಂಚೆಯಂತೆ ಉಬ್ಬುತ್ತದೆ, ಸರಪಳಿ ಮೇಲಕ್ಕೇಳುತ್ತದೆ, ಕೆಳಗಿನಿಂದ ಕಪ್ಪೆಲ್ಲ ನುಗ್ಗುತ್ತದೆ. ಇದನ್ನು ಮುನಿರಾಜುವೇ ಎಲ್ಲರಿಗೂ ಮತ್ತೊಮ್ಮೆ ವಿವರಿಸಿ ಹೇಳಿದ.

ಅದೇ ಮುನಿರಾಜು, ಹೂಳು ತೆಗೆಯುವುದು ಅರ್ಧ ಆಗಿದ್ದಾಗ, ಒಂದು ಬೆಳಗ್ಗೆ ತೂಬು ಎತ್ತಿದ.

ವೆಂಕಟೇಶನ ಅಜ್ಜಿ ತೀರಿಕೊಂಡಿದ್ದರು. ಅವತ್ತು ಹಾಲುತುಪ್ಪ, ಮಣ್ಣು ಮಾಡಿದ ಕಡೆ ಹಾಲು ತುಪ್ಪ ಬಿಡುವ ದಿನ. ಆ ಊರಿನಲ್ಲಿ ಒಂದು ಪದ್ಧತಿ ಇದೆ. ಕೆರೆಯ ನೀರಿನಲ್ಲಿ ಬೆಳೆ ತೆಗೆದವರು ಯಾರು ಹೋದರೂ, ಹಾಲುತುಪ್ಪದ ದಿನ ತೂಬು ತೆಗೆದು ಅವರ ಹೊಲದ ಕಡೆ ಒಂದು ಸಲ ನೀರು ಹಾಯಿಸುತ್ತಾರೆ. ಕಡೇ ಪಾಲು ಎನ್ನುತ್ತಾರೆ. ಮನೆಯವರು ಆ ನೀರಿನಲ್ಲಿ ತಲೆಗೆ ಸ್ನಾನ ಮಾಡಿ, ನೀರು ಹೊಲ ಮುಟ್ಟಿದ್ದನ್ನು ನೋಡಿ ಮನೆಗೆ ಹೋಗುತ್ತಾರೆ. ಇದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ. ಕೆರೆ ಬತ್ತಿದ ವರ್ಷ ಕೊಡದಲ್ಲಾದರೂ ತಂದು ಸುರಿಯುತ್ತಾರೆ. ಮುನಿರಾಜು ಮಾತಿಗೆ ತಪ್ಪಿರಲಿಲ್ಲ. ತೂಬು ತೆಗೆಯುವುದಿಲ್ಲ ಎಂದದ್ದು ಬೆಳೆಗೆ. ಇದು ಬೆಳೆಯ ನೀರು ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ, ಉಳಿದವರಿಗೂ ಅನ್ನಿಸಿರಲಿಲ್ಲ. ನಾವು ಆನೆಯವರೆಗೂ ಕೇಳಿದ್ದೆವು, ಸಾವಿನ ಬಗ್ಗೆ ಕೇಳಿರಲಿಲ್ಲ.

ಕಾಲುವೆಯಲ್ಲಿ ಮೊದಲು ತಿಳಿನೀರು ಬಂತು. ಮನೆಯವರು ತಲೆ ನೆನೆಸಿಕೊಂಡರು. ಆಮೇಲೆ ನೀರು ಬೂದಿ ಬಣ್ಣಕ್ಕೆ ತಿರುಗಿತು, ನೋಡನೋಡುತ್ತ ಕಪ್ಪಾಯಿತು. ವೆಂಕಟೇಶ ಒದ್ದೆ ಬಟ್ಟೆಯಲ್ಲೇ ಸನಿಕೆ ಹಿಡಿದು ಓಡಿ, ತೋಟದ ಬಾಯಲ್ಲಿ ಮಣ್ಣು ಎಳೆದು ಅಡ್ಡ ಹಾಕಿದ. ಎರಡು ಸಾಲು ಗುಲಾಬಿಗೆ ನುಗ್ಗಿಬಿಟ್ಟಿತ್ತು. ಅಜ್ಜಿಯ ಪಾಲಿನ ನೀರನ್ನು ಮೊಮ್ಮಗನೇ ತಡೆದ ಹಾಗಾಯಿತು. ಅವನ ತಾಯಿ ಅಲ್ಲೇ ಕಾಲುವೆಯ ದಡದಲ್ಲಿ ಕುಕ್ಕರಿಸಿ ಅತ್ತರು.

ನಾವು ಹೋದಾಗ ಊರು ಏರಿಯ ಮೇಲೆ ನಿಂತಿತ್ತು. ಕಂಟ್ರಾಕ್ಟರನ ಮೇಸ್ತ್ರಿ ಮುನಿರಾಜುವಿನ ಮೇಲೆ ಕೂಗಾಡುತ್ತಿದ್ದ. ನಮ್ಮ ಮಾಲೀಕರು ಫೋನಿನಲ್ಲಿ, ತೂಬಿಗೆ ಬೀಗ ಹಾಕಿಸಿ, ಸ್ಟೇಷನ್ನಿಗೂ ಒಂದು ಮಾತು ಹೇಳಿಡಿ ಎಂದರು. ಸಾರ್ ನಡೆದದ್ದನ್ನು ಮೊದಲಿನಿಂದ ಕೇಳಿದರು. ಅಭ್ಯಾಸದಂತೆ "ಓಹೋ, ಹಂಗೋ" ಎಂಬುದು ಬಾಯಿಯವರೆಗೂ ಬಂತು, ವೆಂಕಟೇಶನ ತಾಯಿಯನ್ನು ನೋಡಿ ನುಂಗಿಕೊಂಡರು. ಅವರು ಆ ಮಾತನ್ನು ನುಂಗಿಕೊಂಡದ್ದು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಫೋನಿಗೆ ಹೇಳಿದರು: "ಬೀಗ ಹಾಕಿದ್ರೆ ತೂಬು ನಿಲ್ತದೆ ಸಾರ್. ಸಾಯೋದು ನಿಲ್ತದಾ?"

ಅದುವರೆಗೆ ತಲೆ ತಗ್ಗಿಸಿದ್ದ ಮುನಿರಾಜು ಆಗ ಬಾಯಿ ಬಿಟ್ಟ.

"ಬೀಗ ಆಕೊಳ್ಳಿ ಸಾರ್, ತಪ್ಪು ನಂದೇ. ಆದ್ರೆ ನಮ್ಮಪ್ಪ ಇವತ್ತೋ ನಾಳೆನೋ ಅಂತ ಮಲ್ಗವ್ನೆ. ಊರಿಗೆಲ್ಲಾ ಕಡೇ ಪಾಲು ಬುಟ್ಟೋನು ಅವ್ನು. ಅವ್ನಿಗೇ ಇಲ್ಲ ಅಂದ್ರೆ ನಾನೆಂಗ್ ತಡ್ಕೊಳ್ಳಿ?"

ಇನ್ನೊಂದು ಸಲ ಕಪ್ಪು ನೀರು ಇಳಿದರೆ ಊರಿನವರು ಪರದೆಯನ್ನು ಕಿತ್ತೆಸೆಯುತ್ತಾರೆ, ಅರ್ಧ ತೆಗೆದ ಕೆಸರು ಕೆರೆಯಲ್ಲೇ ಉಳಿಯುತ್ತದೆ. ತೂಬು ಮುಚ್ಚಿಯೇ ಇದ್ದರೆ ಆ ಮುದುಕರಿಗೆ ಪಾಲಿಲ್ಲ. ಸಾರ್ ಮುನಿರಾಜುವಿನ ಪಕ್ಕ ಕೂತು ಕೇಳಲು ಶುರುಮಾಡಿದರು. ತೂಬು ಎಷ್ಟು ಎತ್ತುತ್ತೀರಿ? ಜೋರಾಗಿ ಹರಿಯಲೇಬೇಕಾ, ಹೊಲ ಮುಟ್ಟಿದರೆ ಸಾಕಾ? ಮೆಲ್ಲಗೆ ಹೋದರೆ ಹೋದವರಿಗೆ ಬೇಜಾರಾ? ಕೊನೆಯ ಪ್ರಶ್ನೆಗೆ ಮುನಿರಾಜು ನಕ್ಕುಬಿಟ್ಟ. ಅವ್ರಿಗೇನ್ ಅರ್ಜೆಂಟು ಸಾರ್, ಮುಟ್ಟಿದ್ರೆ ಸಾಕು ಎಂದ.

ಆಮೇಲಿನ ದಿನಗಳಲ್ಲಿ ನಮ್ಮ ಆಫೀಸು ಮೀನಿನ ಅಂಗಡಿಯಂತಾಯಿತು. ಸಾರ್ ಎಲ್ಲಿಂದಲೋ ಮೀನು ಸಾಕುವ ಉದ್ದನೆಯ ಗಾಜಿನ ತೊಟ್ಟಿ ತಂದರು. ನೀರು ತುಂಬಿ, ಒಂದು ಕಡೆ ಕೆಸರಿನ ಬದಲು ರಾಗಿಹಿಟ್ಟು ಕದಡಿದರು. ಅದು ಉಂಡೆ ಕಟ್ಟಿತು. ರಾಗಿಹಿಟ್ಟನ್ನು ತಣ್ಣೀರಿಗೆ ಹಾಕಿದರೆ ಉಂಡೆ ಕಟ್ಟದೆ ಇನ್ನೇನಾಗುತ್ತದೆ ಎಂದು ನಾನು ಹೇಳಿದೆ, ಡಿಗ್ರಿಗಿಂತ ಮುಂಚಿನ ಜ್ಞಾನ ಅದು. ಕಾಫಿ ಗಸಿಗೆ ಬಂದೆವು. ಅಂಗೈಯಗಲದ ಪರದೆಯೊಂದನ್ನು ಇಳಿಬಿಟ್ಟು ಇನ್ನೊಂದು ತುದಿಯಲ್ಲಿ ಟ್ಯೂಬಿನಿಂದ ನೀರು ಎಳೆದರೆ, ಅವತ್ತು ಕೆರೆಯಲ್ಲಿ ಆದದ್ದೇ ತೊಟ್ಟಿಯಲ್ಲೂ ಆಯಿತು. ಪರದೆ ಉಬ್ಬಿತು, ಗಸಿ ಕೆಳಗಿನಿಂದ ನುಸುಳಿತು. ಸಾರ್ ಅದನ್ನು ಮತ್ತೆ ಮತ್ತೆ ಮಾಡಿ ನೋಡಿದರು. ನುಸುಳಿದ ಗಸಿ ತಳವನ್ನೇ ಹಿಡಿದು ಹೋಗುತ್ತದೆ, ಮೇಲೇಳುವುದಿಲ್ಲ. ನನ್ನನ್ನು ಕೂಗಿದರು.

"ಮೇಲಿಂದ ಇಳಿಯೋ ಪರದೆ ಒಂದಿದೆ. ಕೆಳಗಿಂದ ಏಳೋದು ಒಂದಿದ್ರೆ?"

ಮೊದಲ ಪರದೆಯ ಆಚೆ, ತೂಬಿನ ಕಡೆ, ತಳಕ್ಕೆ ಅಂಟಿಕೊಂಡು ಇನ್ನೊಂದು ಪರದೆ. ಸರಪಳಿ ತಳದಲ್ಲಿ ಊರಿರುತ್ತದೆ, ಬಟ್ಟೆ ಮೇಲಕ್ಕೆದ್ದು ನೀರಿನ ಮೇಲ್ಮೈಗೆ ಸ್ವಲ್ಪ ಕೆಳಗೆ ನಿಲ್ಲುತ್ತದೆ. ನೀರು ಮೊದಲನೆಯದರ ಅಡಿಯಿಂದ ನುಸುಳಿ ಬಂದು ಎರಡನೆಯದರ ತಲೆಯ ಮೇಲೆ ಹತ್ತಿ ಹೋಗಬೇಕು. ಮೆಲ್ಲಗೆ ಹೋದರೆ ನೀರು ಹತ್ತುತ್ತದೆ, ಕೆಸರಿಗೆ ಹತ್ತಲು ಆಗುವುದಿಲ್ಲ, ನಡುವೆಯೇ ಕೂರುತ್ತದೆ. ತೊಂದರೆ ಒಂದೇ. ನೀರಿನೊಳಗೆ ಕಾಣದಂತೆ ನಿಂತ ಪರದೆಗೆ ಮೀನಿನವರ ಬಲೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಬೆಂಡಿನ ಬದಲು ಮೇಲಂಚಿನಲ್ಲಿ ಉದ್ದಕ್ಕೂ ಗಾಳಿಯ ಕೊಳವೆ. ಗಾಳಿ ತುಂಬಿದರೆ ಪರದೆ ಏಳುತ್ತದೆ, ಬಿಟ್ಟರೆ ತಳದಲ್ಲಿ ಮಲಗುತ್ತದೆ. ಊರಿನಲ್ಲಿ ಯಾರಾದರೂ ಹೋದಾಗ ಮಾತ್ರ ಏಳುವ ಪರದೆ. ನಮ್ಮ ಹೊಲಿಗೆಯ ಹೆಂಗಸರು ಇದನ್ನು ಕೇಳಿ ಕೆನ್ನೆ ಕೆನ್ನೆ ಬಡಿದುಕೊಂಡರು, ಆದರೆ ಅಷ್ಟು ಮುತುವರ್ಜಿಯಿಂದ ಅವರು ಬೇರೆ ಯಾವ ಪರದೆಯನ್ನೂ ಹೊಲಿದಿರಲಿಲ್ಲ.

ಕೊಳವೆ ಸೋರುತ್ತಿತ್ತು. ಸರಿಮಾಡಿದರೆ ಇನ್ನೊಂದು ಕಡೆ ಸೋರುತ್ತಿತ್ತು. ಈ ನಡುವೆ ಸಾರ್ ಹಳ್ಳಿಗೆ ಹೋದಾಗಲೆಲ್ಲ ಮುನಿರಾಜುವಿನ ಮನೆಯ ಜಗುಲಿಗೆ ಹೋಗಿ ಆ ಮುದುಕರ ಮಂಚದ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. ನೋಡಿಕೊಂಡು ಬರಲು ಹೋಗುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಹೋಗುತ್ತಿದ್ದುದು ಕೇಳಲು. ಕೆರೆಯ ತಳದಲ್ಲಿ ಎಲ್ಲಿ ಕಲ್ಲು, ಎಲ್ಲಿ ಮರಳು, ಎಳೆಯವರಾಗಿದ್ದಾಗ ಮುಳುಗಿ ಮುಟ್ಟಿದ್ದು ಹೇಗಿತ್ತು. ಮುದುಕರಿಗೂ ಕೇಳುವವರು ಸಿಕ್ಕ ಖುಷಿ.

"ಏನ್ ಸಾಮಿ, ನಿಮ್ಮ ಪರದೆ ಆಯ್ತಾ? ನಾನಿನ್ನ ಒಂಟೋಗ್ಲಾ?" ಎಂದರು ಒಂದು ದಿನ.

"ಇನ್ನೂ ಗಾಳಿ ನಿಲ್ತಾ ಇಲ್ಲ ಯಜಮಾನ್ರೇ. ಸ್ವಲ್ಪ ತಡೀರಿ."

"ನಂದೂ ಅದೇ ಕಣ್ ಸಾಮಿ ಕತೆ. ಯಾರ್ದು ಮೊದ್ಲು ನಿಲ್ತದೋ ನೋಡಾಣ."

ಒಳಗಿನಿಂದ ಸೊಸೆ ಬೈದಳು. ಮುದುಕರೂ ಸಾರೂ ಹುಡುಗರಂತೆ ನಕ್ಕರು. ಆದರೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಸಾರ್ ಕಂಡಕ್ಟರನನ್ನು ಏನೂ ಕೇಳಲಿಲ್ಲ. ಕಿಟಕಿಯ ಆಚೆ ನೋಡುತ್ತ ಬಂದರು.

ಕೊಳವೆಯ ಗಾಳಿ ನಿಂತ ವಾರವೇ ಪರದೆಯನ್ನು ಇಳಿಸಿ, ಒಮ್ಮೆ ಎಬ್ಬಿಸಿ, ಮಲಗಿಸಿ ಬಂದೆವು. ಮುದುಕರಿಗೆ ಹೇಳಿದೆವು. ಅವರು ಕಣ್ಣು ತೆರೆದು, "ಆಯ್ತು ಬುಡಿ," ಎಂದರು. ಅದಾಗಿ ಕೆಲವೇ ದಿನಕ್ಕೆ ಮುನಿರಾಜುವಿನ ಫೋನು ಬಂತು.

ಹಾಲುತುಪ್ಪದ ಬೆಳಗ್ಗೆ ಬೇರಿಕೆಯ ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಏರಿಯ ಮೇಲೆ ನಿಲ್ಲಿಸಿದೆವು. ಅದು ಸದ್ದು ಮಾಡುತ್ತಿದ್ದಂತೆ ಊರೆಲ್ಲ ನೀರನ್ನೇ ನೋಡುತ್ತ ನಿಂತಿತು. ಮೊದಲು ಗುಳ್ಳೆ ಬಂದವು. ಆಮೇಲೆ ನೀರಿನೊಳಗೆ ಉದ್ದಕ್ಕೆ ಒಂದು ಮಸುಕು ಗೆರೆ ಮೆಲ್ಲಗೆ ಎದ್ದು ಬಂದು, ಮೇಲ್ಮೈಯ ಹತ್ತಿರ ಬಂದು ನಿಂತಿತು. ಯಾರೋ ಕೈ ಮುಗಿದರು. ಸಾರ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹರಿಗೋಲಿನಲ್ಲಿ ಎರಡು ಪರದೆಗಳ ನಡುವೆ ಹೋದರು. ಮುನಿರಾಜು ತೂಬನ್ನು ಒಂದು ಗೇಣಷ್ಟೇ ಎತ್ತಿದ, ತಂದೆಗೆ ಅವನು ಮಾಡಿದ ಕೊನೆಯ ಕೆಲಸ ಅದು. ಹಗ್ಗದ ತುದಿ ಹಿಡಿದ ನನಗೆ ಹರಿಗೋಲಿನಲ್ಲಿ ಅವರ ಬೆನ್ನಷ್ಟೇ ಕಾಣುತ್ತಿತ್ತು. ಬಗ್ಗಿದ್ದರು.

ಕಾಲುವೆಯಲ್ಲಿ ತಿಳಿನೀರು ಬಂತು. ವೆಂಕಟೇಶ ಸನಿಕೆ ಹಿಡಿದು ತನ್ನ ತೋಟದ ಬಾಯಲ್ಲಿ ನಿಂತಿದ್ದ. ನೀರು ಬಂತು, ಬರುತ್ತಲೇ ಇತ್ತು, ಬಣ್ಣ ಬದಲಾಗಲಿಲ್ಲ. ಮುನಿರಾಜುವಿನ ಹೊಲದ ಮೊದಲ ಸಾಲು ನೆನೆದಾಗ ವೆಂಕಟೇಶ ಸನಿಕೆಯನ್ನು ಕೆಳಗಿಟ್ಟ. ಸಾರ್ ದಡಕ್ಕೆ ಬಂದು ಗಾಜಿನ ಲೋಟದಲ್ಲಿ ಎರಡು ಪರದೆಗಳ ನಡುವಿನ ನೀರು ತೋರಿಸಿದರು. ಕಪ್ಪು ಗಸಿ ಕೆಳಗಿಳಿಯುತ್ತಿತ್ತು. "ಓಹೋ," ಎಂದರು. ಹಂಗೋ ಎನ್ನಲಿಲ್ಲ. ಅವರ ಕಣ್ಣು ತುಂಬಿತ್ತು.

ಕೆರೆಯ ಕೆಸರು ಪೂರ್ತಿ ಹೊರಗೆ ಹೋದ ಮೇಲೆ ಪರದೆಗಳನ್ನು ಬಿಚ್ಚಿದೆವು. ಅಷ್ಟರಲ್ಲಿ ಮಲಗುವ ಪರದೆ ಇನ್ನೂ ಕೆಲವು ಸಲ ಎದ್ದಿತ್ತು. ಸಾರ್ ರಿಟೈರಾದರು. ಮನೆಗೆ ಹೋದರೆ ಕಾಫಿ ಕೊಟ್ಟು ಆಮೇಲೆ ಕೇಳುತ್ತಿದ್ದರು, ಈಗ ಅರ್ಥವಾಗದೆ ಉಳಿದಿದ್ದು ಯಾವುದು ಎಂದು. ಪ್ರತಿ ಸಲವೂ ಏನಾದರೊಂದು ಇರುತ್ತಿತ್ತು. ಇಲ್ಲದಿದ್ದರೆ ಅವರ ಮನೆಗೆ ಹೋಗಲು ನಾಚಿಕೆಯಾಗುತ್ತಿತ್ತು. ಮೊದಲ ದಿನದ ನನ್ನ ಕೆಂಪು ನೀರಿನ ಪ್ರಶ್ನೆ ನಮ್ಮಿಬ್ಬರ ನಡುವೆ ಕೊನೆಯವರೆಗೂ ಹಾಗೇ ಉಳಿಯಿತು. ಉತ್ತರ ಗೊತ್ತು, ನಂಬಿಕೆ ಇನ್ನೂ ಬಂದಿಲ್ಲ.

ಸಾರ್ ಹೋದ ಮೇಲೆ ಅವರ ಮನೆಯವರು ಹಿಡಿದ ಕರ್ಮಾಂತರದ ಲೆಕ್ಕ ಬೇರೆ. ಮುನಿರಾಜು ತನ್ನ ಊರಿನ ಲೆಕ್ಕ ಹಿಡಿದು ಮತ್ತೆ ಫೋನು ಮಾಡಿದ. "ನಮ್ ಕಡೆ ಹಾಲುತುಪ್ಪ ಬುಡೋ ದಿನ ಇವತ್ತು. ಬತ್ತೀರಾ ಮೇಡಂ?"

ಹೋದೆ. ಏರಿಯ ಮೇಲೆ ಚರ್ಚೆ ನಡೆದಿತ್ತು. ಕೆರೆಯ ನೀರಿನಲ್ಲಿ ಬೆಳೆ ತೆಗೆಯದವರಿಗೆ ಪಾಲು ಎಲ್ಲಿಂದ ಬರುತ್ತದೆ ಎಂದು ಒಬ್ಬ ಹಿರಿಯರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮುನಿರಾಜು ಹೇಳಿದ್ದು ಇಷ್ಟೇ: "ಔರು ಈ ಕೆರೆನ ನಮ್ಮೆಲ್ರಿಗಿಂತ ಜಾಸ್ತಿ ನೋಡವ್ರೆ." ಅದಕ್ಕೆ ಯಾರೂ ಎದುರು ಹೇಳಲಿಲ್ಲ. ಅವನು ತೂಬು ಎತ್ತಿ, ಸನಿಕೆ ಹೆಗಲಿಗಿಟ್ಟು, ನೀರಿನ ಜೊತೆಗೇ ಕಾಲುವೆಯ ದಡದಲ್ಲಿ ನಡೆದು, ಕಾಲುವೆ ಕವಲೊಡೆಯುವ ಕಡೆ ಬಂದು ನಿಂತ. ಹಿಂದೆಯೇ ನಾವೆಲ್ಲ. ತನ್ನ ಗುಲಾಬಿಗೆ ತಿರುಗಿಸಲು ವೆಂಕಟೇಶ ಹೇಳಿದ. ಶಾಲೆಯ ಗಿಡಗಳಿಗೆ ಎಂದು ಇನ್ನೊಬ್ಬರು. ಮುನಿರಾಜು ನನ್ನ ಕಡೆ ತಿರುಗಿದ.

"ಎತ್ತಗೆ ತಿರುಗಿಸ್ಲಿ ಮೇಡಂ? ಔರ್ದು ಹೊಲಾನೇ ಇಲ್ವಲ್ಲ."

ನಾನು ಬಗ್ಗಿ ನೋಡಿದೆ. ತಿಳಿಯಾದ ನೀರು ಕವಲಿನ ಬಾಯಿಗೆ ಬಂದು, ಒಣ ಎಲೆಗಳನ್ನು ಎತ್ತಿಕೊಂಡು, ಅತ್ತಲೂ ಇತ್ತಲೂ ಮೂಗು ತೂರಿಸುತ್ತಿತ್ತು.

"ಎತ್ತಗೂ ಬ್ಯಾಡ ಮುನಿರಾಜಣ್ಣ," ಎಂದೆ. "ಬುಡಿ, ಎಲ್ಲಿಗೋಯ್ತದೋ ನೋಡಾಣ."

ಅವನು ನಕ್ಕು ಸನಿಕೆಯನ್ನು ಪಕ್ಕಕ್ಕೆ ಊರಿದ. ನೀರು ಒಂದು ಗಳಿಗೆ ಅಲ್ಲೇ ಸುತ್ತಿ, ಯಾರ ಹೊಲಕ್ಕೂ ಸೇರದ ಎಡಗಡೆಯ ಇಳಿಜಾರಿಗೆ ಇಳಿಯಿತು. ಚಪ್ಪಲಿ ಕೈಗೆ ತೆಗೆದುಕೊಂಡು ನಾವೂ ಅದರ ಹಿಂದೆ ಹೊರಟೆವು.